ನೀರ್ಚಾಲಿನ ಸುತ್ತಿನ ಕಾಲುದಾರಿಗಳು

ಪ್ರವಾಸವೆಂದ ಕೂಡಲೇ ನಮ್ಮವರ ಮನಸ್ಸು ಧರ್ಮಸ್ಥಳ, ಶೃಂಗೇರಿ, ಮೈಸೂರುಗಳತ್ತ ಓಡುತ್ತದೆ. ರಜೆ ಬಂತೆಂದರೆ ಬಾಡಿಗೆಯ ವಾಹನವೊಂದನ್ನು ಗೊತ್ತುಪಡಿಸಿ, ನಸುಕಿನಲ್ಲಿ ಹೊರಟು, ನಡುರಾತ್ರಿಗೆ ಮರಳಿ, ಮರುದಿನವೆಲ್ಲ ಮೈಕೈ ನೋವೆಂದು ಮಲಗುವುದು ವಾಡಿಕೆಯಾಗಿದೆ. ಅದನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮನೆಯಂಗಳ ದಾಟಿ, ತೋಟದ ತಡಮೆ ಹತ್ತಿಳಿದು, ತೋಡಿನ ಸಂಕದ ಮೇಲೆ ಹೆಜ್ಜೆಯಿಟ್ಟು, ಎರಡು ಮೂರು ಗಂಟೆಗಳಲ್ಲಿ ಸುತ್ತಿ ಬರಬಹುದಾದ ದಾರಿಗಳು ನಮ್ಮ ಗಡಿನಾಡಿನ ಪ್ರತಿಯೊಂದು ಊರಿನಲ್ಲಿಯೂ ಇವೆ. ಅವುಗಳಿಗೆ ಖರ್ಚಿಲ್ಲ, ಅಜ್ಜಂದಿರಿಗೂ ಆರು ವರ್ಷದ ಮಕ್ಕಳಿಗೂ ಅವು ದಣಿವು ತರುವಷ್ಟು ದೂರದವಲ್ಲ. ಅಂಥ ಕೆಲವನ್ನು, ಕಾಸರಗೋಡು ಜಿಲ್ಲೆಯ ನೀರ್ಚಾಲನ್ನು ನಡುವಾಗಿಟ್ಟುಕೊಂಡು, ವಾಚಕರ ಮುಂದಿಡಲು ಯತ್ನಿಸುತ್ತೇನೆ. ನೀರ್ಚಾಲಿನವರಲ್ಲದವರು ತಮ್ಮ ತಮ್ಮ ಊರಿನ ಹೆಸರನ್ನು ಅದರ ಸ್ಥಾನದಲ್ಲಿಟ್ಟು ಓದಿಕೊಂಡರೂ ಹೆಚ್ಚು ವ್ಯತ್ಯಾಸವಾಗಲಾರದು.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತರೆ ಸೀತಾಂಗೋಳಿ, ಬೇಳಗಳು ಕಳೆದ ಮೇಲೆ ನೀರ್ಚಾಲು ಸಿಗುತ್ತದೆ. 1911ರಲ್ಲಿ ಆರಂಭವಾದ ಮಹಾಜನ ಸಂಸ್ಕೃತ ಕಾಲೇಜಿನಿಂದಾಗಿ ಈ ಊರಿನ ಹೆಸರು ದೂರದವರಿಗೂ ಪರಿಚಿತ. ಆದರೆ ನಡೆಯ ಹೊರಟವನು ಮೊದಲು ಗಮನಿಸತಕ್ಕದ್ದು ಊರಿನ ಹೆಸರನ್ನೇ. ನೀರಿನ ಚಾಲು, ಎಂದರೆ ನೀರು ಹರಿಯುವ ಜಾಡು. ನೆರೆಯ ಹೆಸರುಗಳೂ ಹಾಗೆಯೇ ನೆಲವನ್ನು ಹೇಳುತ್ತವೆ. ಬದಿಯಡ್ಕ, ಏತಡ್ಕ, ಪಳ್ಳತ್ತಡ್ಕ ಎಂಬಲ್ಲಿನ ‘ಅಡ್ಕ’ವು ಸಮತಟ್ಟಾದ ಒಣ ನೆಲ, ‘ಪಳ್ಳ’ವು ನೀರು ನಿಲ್ಲುವ ಹೊಂಡ, ‘ಪದವು’ ಎಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಬಯಲು, ‘ಬೈಲು’ ಎಂದರೆ ಎರಡು ಗುಡ್ಡಗಳ ನಡುವಿನ ಗದ್ದೆಯ ತಗ್ಗು. ಈ ನಾಲ್ಕು ಮಾತುಗಳನ್ನು ಮಕ್ಕಳಿಗೆ ಕಲಿಸಿ ಹೊರಟರೆ ಸಾಕು, ಅರ್ಧ ಊರಿನ ನಕಾಶೆ ಅವರ ಕೈಗೆ ಬಂದಂತೆಯೇ.

ನಮ್ಮ ಕಾಲುದಾರಿಗಳನ್ನು ಯಾವ ಇಂಜಿನಿಯರನೂ ಗುರುತು ಹಾಕಿ ಮಾಡಲಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು, ಮುರಕಲ್ಲಿನ ಇಳಿಜಾರಿನಲ್ಲಿ ಹರಿದು, ಕೆಲವೇ ಗಂಟೆಗಳಲ್ಲಿ ಸಮುದ್ರದ ಹಾದಿ ಹಿಡಿಯುತ್ತದೆ. ಮಾರ್ಚ್ ಬಂದಾಗ ಬಾವಿಯ ತಳ ಕಾಣುತ್ತದೆ. ಆದುದರಿಂದ ನಮ್ಮ ಹಿರಿಯರು ನೀರಿದ್ದಲ್ಲಿ ಮನೆ ಕಟ್ಟಿದರು. ಮನೆಯಿಂದ ನೀರಿಗೆ, ನೀರಿನಿಂದ ತೋಟಕ್ಕೆ, ತೋಟದಿಂದ ನೆರೆಮನೆಗೆ, ಅಲ್ಲಿಂದ ದೇವಸ್ಥಾನಕ್ಕೆ ನಡೆದರು. ಆ ನಡಿಗೆಯೇ ದಾರಿಯಾಯಿತು. ಡಾಮರು ಹಾಕಿದ ರಸ್ತೆ ಪೇಟೆಯಿಂದ ಪೇಟೆಗೆ ಹೋಗುತ್ತದೆ. ಕಾಲುದಾರಿ ಮಾತ್ರ ನೀರಿನಿಂದ ನೀರಿಗೆ ಹೋಗುತ್ತದೆ.

ತೋಟದ ದಾರಿ, ಸುರಂಗದ ಬಾಯಿ

ಮೊದಲನೆಯ ನಡಿಗೆಗೆ ದೂರ ಹೋಗಬೇಕಾದುದಿಲ್ಲ. ಯಾವುದಾದರೊಂದು ಅಡಕೆ ತೋಟದ ಮೇಲ್ಬದಿಯ ಕಣಿಯನ್ನು ಹಿಡಿದು ಗುಡ್ಡದ ಬುಡಕ್ಕೆ ಸಾಗಿದರಾಯಿತು. ಎರಡೂ ಬದಿಯಲ್ಲಿ ಆಳೆತ್ತರದ ಧರೆ, ಅದರ ಮೇಲೆ ಹಾವಸೆ, ಜರಿಗಿಡ. ಬಿಸಿಲು ಒಳಗಿಳಿಯದ ಆ ಓಣಿಯಲ್ಲಿ ಏಪ್ರಿಲ್ ತಿಂಗಳಲ್ಲಿಯೂ ತಂಪಿರುತ್ತದೆ. ಸ್ವಲ್ಪ ಮುಂದೆ ಧರೆಯಲ್ಲಿ ಒಬ್ಬನೇ ನುಸುಳಬಹುದಾದಷ್ಟು ಅಗಲದ ಕತ್ತಲೆಯ ಬಾಗಿಲೊಂದು ಕಂಡರೆ, ಅದುವೇ ಸುರಂಗ.

ಸುರಂಗವೆಂದರೆ ಗುಡ್ಡದೊಳಗೆ ಅಡ್ಡವಾಗಿ ಕೊರೆದ ಬಾವಿ. ಅಗಲ ಎರಡಡಿಯಷ್ಟು, ಎತ್ತರ ಒಬ್ಬ ಮನುಷ್ಯನಷ್ಟು. ಉದ್ದ ಕೆಲವೆಡೆ ಹತ್ತಿಪ್ಪತ್ತು ಕೋಲು, ಕೆಲವೆಡೆ 300 ಮೀಟರುಗಳವರೆಗೂ ಹೋದದ್ದುಂಟು. ತೋಡುವವನು ಪಿಕ್ಕಾಸು ಹಿಡಿದು ಕುಳಿತೇ ಕಡಿಯುತ್ತಾ ಹೋಗುತ್ತಾನೆ. ಇನ್ನೊಬ್ಬನು ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಕ್ಕೆಳೆಯುತ್ತಾನೆ. ಒಳಗೆ ದೀಪವೊಂದು ಉರಿಯುತ್ತಿರಬೇಕು. ಅದು ಬೆಳಕಿಗೂ ಹೌದು, ಉಸಿರಿಗೂ ಹೌದು: ದೀಪ ಮಂಕಾಯಿತೆಂದರೆ ಗಾಳಿ ಕೆಟ್ಟಿತೆಂದು ತಿಳಿದು ಹೊರಬರಬೇಕು. ತೀರಾ ಉದ್ದವಾದರೆ ಮೇಲಿನಿಂದ ಗಾಳಿಗಿಂಡಿ ಇಳಿಸುತ್ತಾರೆ. ಮುರಕಲ್ಲು ಗಟ್ಟಿಯಾಗಿ ನಿಲ್ಲುವ ಕಲ್ಲಾದುದರಿಂದ ಒಳಗೆ ಕಂಬ ಕೊಡಬೇಕಾಗಿಲ್ಲ. ಅದರ ಕೆಳಗಿನ ಮೆದು ಮಣ್ಣಿನ ಪದರವನ್ನು ತಲುಪಿದಾಗ ಗೋಡೆ ಬೆವರುತ್ತದೆ, ಅನಂತರ ತೊಟ್ಟಿಕ್ಕುತ್ತದೆ. ಆ ನೀರು ತನ್ನಷ್ಟಕ್ಕೆ ಹೊರಗೆ ಹರಿದು, ಅಡಕೆ ಮರದ ದಂಬೆಯ ಮೂಲಕ ಮದಕಕ್ಕೆ ಬಂದು ತುಂಬುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ, ಹಗ್ಗ ರಾಟೆಗಳೂ ಬೇಡ. ಇಳಿಜಾರೊಂದೇ ಸಾಕು.

ಎಲ್ಲಿ ತೋಡಿದರೆ ನೀರು ಬಂದೀತೆಂಬುದನ್ನು ಬಲ್ಲವರು ಗುಡ್ಡದ ಮೇಲಿನ ಮರಗಳನ್ನು, ಗೆದ್ದಲ ಹುತ್ತಗಳನ್ನು, ಕಲ್ಲಿನ ಬಣ್ಣವನ್ನು ನೋಡಿ ನಿರ್ಧರಿಸುತ್ತಾರೆ. ಆದರೂ ಸೋಲುವ ಸಂಭವವಿಲ್ಲದಿಲ್ಲ. ಗಡಿಯ ಆಚೆ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದ ಜಾಗದಲ್ಲಿ ಒಬ್ಬರೇ ಒಂದರ ಮೇಲೊಂದು ಸುರಂಗ ಕೊರೆದು, ಹಲವು ಬಾರಿ ನೀರು ಸಿಗದೆ, ಕೊನೆಗೆ ಪಡೆದು, ಅಡಕೆ ತೋಟವೆಬ್ಬಿಸಿದ ಸಂಗತಿ ಈಗ ದೇಶಕ್ಕೆಲ್ಲ ತಿಳಿದಿದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ನಮ್ಮ ಕಡೆಯ ಎಷ್ಟೋ ತೋಟಗಳ ಹಿಂದೆಯೂ ಅಂಥದೇ ದುಡಿಮೆಯಿದೆ. ತೋಡಿದವರ ಹೆಸರು ಮಾತ್ರ ಯಾವ ದಾಖಲೆಯಲ್ಲಿಯೂ ಇಲ್ಲ.

ಮಕ್ಕಳನ್ನು ಸುರಂಗದೊಳಗೆ ಹೋಗಗೊಡಬಾರದು. ಬಾವಲಿಗಳಿರುತ್ತವೆ, ಹಾವೂ ಇರಬಹುದು, ಹಳೆಯ ಸುರಂಗಗಳು ಕುಸಿಯುವುದೂ ಉಂಟು. ಬಾಯಿಯ ಬಳಿ ನಿಂತು ಕೈಯೊಡ್ಡಿ ನೀರು ಕುಡಿಯಲಿ. ಬೇಸಿಗೆಯ ಮಧ್ಯಾಹ್ನ ಆ ಒಂದು ಬೊಗಸೆ ಸಾಕು. ಅಂತೆಯೇ ಮನೆಯವರನ್ನು ಕೇಳದೆ ಹೋಗಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ. ಕೇಳಿದರೆ ಬೇಡವೆನ್ನುವವರು ನಮ್ಮಲ್ಲಿ ವಿರಳ. ಮೊದಲು ಬೆಲ್ಲ ನೀರು ಬರುತ್ತದೆ, ಆ ಮೇಲೆ ಊರು ಯಾವುದು, ಯಾರ ಪೈಕಿ ಎಂಬ ವಿಚಾರಣೆ. ಆ ವಿಚಾರಣೆ ಒಂದು ಮನೆಯಲ್ಲಿ ಹವ್ಯಕ ಕನ್ನಡದಲ್ಲಿ ನಡೆದರೆ, ಮುಂದಿನದರಲ್ಲಿ ತುಳುವಿನಲ್ಲಿ, ತೋಡು ದಾಟಿದರೆ ಮರಾಠಿಯಲ್ಲಿ, ಗುಡ್ಡದಾಚೆ ಮಲಯಾಳದಲ್ಲಿಯೋ ಕೊಂಕಣಿಯಲ್ಲಿಯೋ ನಡೆದೀತು. ಎರಡು ಮೈಲು ನಡೆದು ಐದು ಭಾಷೆ ಕೇಳುವ ಭಾಗ್ಯ ಎಷ್ಟು ಊರಿನವರಿಗಿದೆ?

ಪದವಿನ ಮೇಲೆ

ಎರಡನೆಯ ದಾರಿ ಬೇಳದ ಕಡೆಯದು. ಇಲ್ಲಿನ ಶೋಕಮಾತೆಯ ಇಗರ್ಜಿ 1890ರಲ್ಲಿ ಸ್ಥಾಪಿತವಾದುದು. ಅದರ ಚೂಪು ಕಮಾನುಗಳ ಎತ್ತರದ ಮುಖವು ಬಸ್ಸಿನಲ್ಲಿ ಹೋಗುವವರ ಕಣ್ಣಿಗೂ ಬೀಳುತ್ತದೆ. ಇದೇ ಬೇಳದಲ್ಲಿ ಕುಮಾರಮಂಗಲ ಸುಬ್ರಹ್ಮಣ್ಯ ದೇವಸ್ಥಾನವೂ ಇದೆ. ಎರಡನ್ನೂ ನೋಡಿಕೊಂಡು, ಸುತ್ತಲಿನ ಪದವುಗಳಲ್ಲೊಂದನ್ನು ಬೆಳಗಿನ ಎಂಟು ಗಂಟೆಯೊಳಗೆ ಹತ್ತಿದರೆ ಒಳ್ಳೆಯದು, ಏಕೆಂದರೆ ಮೇಲೆ ನೆರಳಿಲ್ಲ.

ಪದವನ್ನು ಬೇಸಿಗೆಯಲ್ಲಿ ಕಂಡವರು ಅದನ್ನು ಬಂಜರೆಂದೇ ತಿಳಿಯುತ್ತಾರೆ. ಸರಕಾರದ ಕಡತಗಳಲ್ಲಿಯೂ ಅದಕ್ಕೆ ಪಾಳುಭೂಮಿಯೆಂದೇ ಹೆಸರು. ಆದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಒಮ್ಮೆ ಹತ್ತಿ ನೋಡಬೇಕು. ಬರಿಯ ಕಪ್ಪು ಕಲ್ಲೆಂದು ತೋರುತ್ತಿದ್ದಲ್ಲಿ ಗೇಣುದ್ದವೂ ಇಲ್ಲದ ಹುಲ್ಲು, ಹುಲ್ಲಿನ ನಡುವೆ ಬಿಳಿಯ ಗುಂಡಿಯಂಥ ಹೂಗಳು, ನೀರು ನಿಂತ ಗುಳಿಗಳಲ್ಲಿ ನೀಲಿ ಹೂವಿನ ಚಾದರ. ಆ ನೀಲಿ ಹೂವಿನ ಗಿಡವು ಬೇರಿನ ಬಳಿಯ ಸೂಕ್ಷ್ಮ ಚೀಲಗಳಲ್ಲಿ ನೀರಿನ ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಕಲ್ಲಿನ ಮೇಲೆ ಸಾರವಿಲ್ಲದುದರಿಂದ ಅದು ಕಂಡುಕೊಂಡ ಉಪಾಯವಿದು. ನೀರು ಆರುತ್ತಾ ಬಂದಂತೆ ಎಲ್ಲವೂ ಬೀಜಕಟ್ಟಿ ಮಾಯವಾಗುತ್ತವೆ. ಅಂಚಿನ ಪೊದೆಗಳಲ್ಲಿ ಕೇಪಳ, ನೆಕ್ಕರೆ, ಕರಂಡೆ. ಏಪ್ರಿಲ್, ಮೇ ತಿಂಗಳಲ್ಲಿ ಕುಂಟಲ ಹಣ್ಣು. ತಿಂದವರ ನಾಲಗೆ ನೀಲಿಯಾಗುವುದರಿಂದ ಮಕ್ಕಳು ಅದನ್ನು ತಿಂದದ್ದನ್ನು ಮುಚ್ಚಿಡಲಾರರು.

ಗುಡ್ಡದ ಬುಡದ ಸುರಂಗಕ್ಕೆ ನೀರು ಬರುವುದು ಈ ಪದವಿನಿಂದಲೇ. ಕಲ್ಲಿನ ರಂಧ್ರಗಳಲ್ಲಿ, ಬಿರುಕುಗಳಲ್ಲಿ ಇಂಗಿದ ಮಳೆ ನಿಧಾನವಾಗಿ ಕೆಳಗಿಳಿದು ಬೇಸಿಗೆಯಲ್ಲಿ ಕೆಳಗಿನ ಮನೆಯ ಮದಕ ತುಂಬುತ್ತದೆ. ಮೇಲೆ ಕಲ್ಲು ಕಡಿದು ಕೋರೆ ಮಾಡಿದರೆ, ನೆಲ ಸಮಮಾಡಿ ಕಟ್ಟಡವೆಬ್ಬಿಸಿದರೆ, ನೂರಾರು ಅಡಿ ಆಳದ ಕೊಳವೆಬಾವಿ ಕೊರೆದರೆ, ಕೆಳಗಿನ ಸುರಂಗವು ಬತ್ತುವುದರಲ್ಲಿ ಆಶ್ಚರ್ಯವೇನು? ಮನೆ ಕಟ್ಟಲು ಕಲ್ಲು ಬೇಡವೆಂದಲ್ಲ. ಮುರಕಲ್ಲಿಲ್ಲದೆ ನಮ್ಮಲ್ಲಿ ಯಾರ ಮನೆಯೂ ಎದ್ದಿಲ್ಲ. ಆದರೆ ಪದವು ಏತಕ್ಕೂ ಬಾರದ ನೆಲವೆಂಬ ಮಾತನ್ನು ಒಪ್ಪುವ ಮುನ್ನ ಅದರ ಬುಡದ ಮದಕವನ್ನೊಮ್ಮೆ ಇಣುಕಿ ನೋಡುವುದು ಲೇಸು.

ಪದವಿನ ಮಾತು ಬಂದಾಗ ಗೇರು ತೋಪುಗಳನ್ನು ಮರೆಯುವಂತಿಲ್ಲ. ಪೆರ್ಲದ ಆಚೆ, ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ನಡೆಯ ಹೋದವರಿಗೆ ಗುಡ್ಡಗಳು ಇಲ್ಲಿನಷ್ಟೇ ಸುಂದರವಾಗಿ ಕಾಣುತ್ತವೆ. ತೋಡುಗಳೂ ಸುರಂಗಗಳೂ ಅಲ್ಲಿ ಇನ್ನೂ ಹೆಚ್ಚು. ಆದರೆ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಆ ಗುಡ್ಡಗಳ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮೇಲೆ ಬಿದ್ದ ಮಳೆ ಕೆಳಗಿನ ಮನೆಗೆ ಬರುವ ಅದೇ ಹಾದಿಯಲ್ಲಿ ಮೇಲೆ ಬಿದ್ದ ವಿಷವೂ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಆ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕಿದ ತಾಯಂದಿರ ಪಾಡು ಈ ಲೇಖನದಲ್ಲಿ ಅಡಗುವಂಥದಲ್ಲ. ಆ ದಾರಿಯಲ್ಲಿ ನಡೆಯುವವರು ವಿನೋದಕ್ಕೆಂದು ಗುಂಪುಗೂಡಿ, ಚಿತ್ರ ತೆಗೆಯುತ್ತಾ ಹೋಗದಿದ್ದರೆ ಸಾಕು.

ಪೆರಡಾಲದ ಹೊಳೆಬದಿ

ನೀರ್ಚಾಲು, ಬದಿಯಡ್ಕಗಳ ಮಧ್ಯದ ಪೆರಡಾಲಕ್ಕೆ ಹೋಗುವ ದಾರಿ ಮೂರರಲ್ಲಿ ಅತ್ಯಂತ ಸುಲಭವಾದುದು. ಮೊಣಕಾಲು ನೋವಿನವರಿಗೂ ಸಲ್ಲುತ್ತದೆ. ಬೈಲಿನಲ್ಲಿ ಗದ್ದೆಗಳಿದ್ದಲ್ಲಿ ಕಟ್ಟಪುಣಿಯ ಮೇಲೆ ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ಈಗ ಗದ್ದೆಗಳೆಷ್ಟೋ ಅಡಕೆ ತೋಟಗಳಾಗಿ, ಕಟ್ಟಪುಣಿಗಳು ತೋಟದ ಬದುಗಳಾಗಿವೆಯೆಂಬುದು ಬೇರೆ ಮಾತು. ಉದನೇಶ್ವರ ದೇವಸ್ಥಾನ, ಹೊಳೆ, ಹೊಳೆಯ ಬದಿಯ ಮರಗಳು. ಸಂಜೆ ನಾಲ್ಕರ ಮೇಲೆ ಹೊರಟರೆ ದೀಪಾರಾಧನೆಯ ಹೊತ್ತಿಗೆ ಸರಿಹೋಗುತ್ತದೆ.

ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದುದು ಈ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ. 1915ರ ಜೂನ್ 8ರಂದು ಹುಟ್ಟಿ, 2015ರ ಆಗಸ್ಟ್ 9ರಂದು, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡ ಆ ಹಿರಿಯರು ಕವಿಗಳು, ಅಧ್ಯಾಪಕರು, ಗಡಿನಾಡಿನ ಕನ್ನಡದ ಹೋರಾಟಗಾರರು ಮಾತ್ರವಲ್ಲ, ಮಣ್ಣು ಮುಟ್ಟಿ ದುಡಿದ ಕೃಷಿಕರೂ ಆಗಿದ್ದರು. ಬದಿಯಡ್ಕದ ಅವರ ಮನೆಗೆ ‘ಕವಿತಾ ಕುಟೀರ’ವೆಂದು ಹೆಸರು. 1956ರ ನವೆಂಬರ್ 1ರಂದು ಗಡಿ ಎಳೆದವರು ನಕಾಶೆಯನ್ನು ನೋಡಿದರು. ಅವರು ಈ ಕಟ್ಟಪುಣಿಯ ಮೇಲೆ ಒಂದು ಸಲ ನಡೆದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಇಲ್ಲಿ ಬಾರದಿರದು.

ಸಮಯವಿದ್ದವರು ಇನ್ನೊಂದು ದಿನ ಕುಂಬಳೆ ಕಡೆಯ ಅನಂತಪುರಕ್ಕೆ ಹೋಗಬಹುದು. ಮುರಕಲ್ಲಿನ ಪದವಿನ ನಡುವೆ ಸುಮಾರು ಎರಡು ಎಕ್ರೆಯ ಸರೋವರ, ಅದರ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೆಂದು ಪ್ರತೀತಿ. ನೈವೇದ್ಯದ ಅನ್ನ ತಿನ್ನುತ್ತಿದ್ದ ‘ಬಬಿಯ’ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ನೆರೆದಿತ್ತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಈ ಸ್ಥಳದ ಕುರಿತು ಬರೆದವರು ಬಹಳ ಮಂದಿಯಿರುವುದರಿಂದ ಇಷ್ಟೇ ಸಾಕು. ಒಣಗಿದ ಕಲ್ಲಿನ ನೆತ್ತಿಯಲ್ಲಿ ಅಷ್ಟು ನೀರು ಹೇಗೆ ನಿಂತಿತೆಂದು ಯೋಚಿಸುವವರಿಗೆ ಮಾತ್ರ ಮೊಸಳೆಗಿಂತ ದೊಡ್ಡ ವಿಸ್ಮಯ ಅಲ್ಲಿದೆ.

ಮುಚ್ಚುತ್ತಿರುವ ತಡಮೆಗಳು

ಮೇಲೆ ಹೇಳಿದ ದಾರಿಗಳಲ್ಲಿ ಹೊರಟವರು ಒಂದು ಸಂಗತಿಗೆ ಸಿದ್ಧರಾಗಿರಬೇಕು. ಹತ್ತು ವರ್ಷಗಳ ಹಿಂದೆ ನಡೆದಿದ್ದ ದಾರಿಯಲ್ಲಿ ಈಗ ಗೇಟು ಇರಬಹುದು. ಕಾಡುಹಂದಿಯ ಕಾಟಕ್ಕೆ ಬಿಗಿದ ಸೌರಬೇಲಿ ಇರಬಹುದು. ತಂತಿಯನ್ನು ಮುಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿರಬೇಕು. ಅಂಗಳದವರೆಗೆ ಜೀಪು, ಕಾರು ಬರುವಂತಾದ ಮೇಲೆ ಕಾಲುದಾರಿ ಯಾರಿಗೂ ಬೇಡವಾಗಿದೆ. ಯಂತ್ರ ತಂದು ಅರ್ಧ ದಿನದಲ್ಲಿ ಧರೆ ಕೆಡವಿದರೆ ನೂರು ವರ್ಷದ ಕಣಿ ಇಲ್ಲವಾಗುತ್ತದೆ. ಬೇಲಿ ಹಾಕಿದವರನ್ನು ದೂರುವುದೂ ನ್ಯಾಯವಲ್ಲ. ಬೆಳೆದ ಬಾಳೆ, ಗೆಣಸುಗಳು ಒಂದೇ ರಾತ್ರಿಗೆ ಹಂದಿಯ ಪಾಲಾದುದನ್ನು ಕಂಡವರಿಗೆ ಅವರ ಸಂಕಟ ಅರ್ಥವಾದೀತು. ಹಿಂದಿನವರು ಬೇಲಿ ಹಾಕಿದರೂ ತಡಮೆ ಬಿಡುತ್ತಿದ್ದರು: ದನ ದಾಟಬಾರದು, ಮನುಷ್ಯ ದಾಟಬೇಕು, ಅಷ್ಟೇ ಎತ್ತರ. ಅದೊಂದನ್ನು ಉಳಿಸಿಕೊಳ್ಳಲು ಈಗಲೂ ತೊಂದರೆಯೇನಿಲ್ಲ.

ಇದರಲ್ಲಿ ಕಾನೂನಿನ ಮಾತೂ ಒಂದಿದೆ. ಬಹಳ ಮಂದಿ ಇದನ್ನರಿಯರು. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಇನ್ನೊಬ್ಬರ ಖಾಸಗಿ ಜಾಗದಲ್ಲಿ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ಹಕ್ಕೆಂಬಂತೆ, ಎಡೆಬಿಡದೆ ನಡೆದುಕೊಂಡು ಬಂದ ದಾರಿಗೆ ನಡೆಯುವ ಹಕ್ಕು ಲಭಿಸುತ್ತದೆ. ಅದೇ ಕಾಯಿದೆಯ ಪ್ರಕಾರ, ಅಂಥ ದಾರಿಯನ್ನು 20 ವರ್ಷ ಯಾರೂ ಬಳಸದೆ ಬಿಟ್ಟರೆ ಆ ಹಕ್ಕು ಅಳಿಯುತ್ತದೆ. ಈ ಹಕ್ಕು ಹಾದಿಯಿಂದ ಪ್ರಯೋಜನ ಪಡೆಯುವ ಜಾಗದವರಿಗೆ ಸಂಬಂಧಿಸಿದ್ದೇ ಹೊರತು ವಿಹಾರಕ್ಕೆ ಬಂದವರಿಗಲ್ಲವೆಂಬುದೂ ನಿಜ. ವಿಹಾರಿಗಳು ಅಪ್ಪಣೆ ಕೇಳಿಯೇ ಹೋಗಬೇಕು. ಆದರೆ ತೋಟದ ಆಚೆಯ ಮನೆಯವರು, ದೇವಸ್ಥಾನಕ್ಕೂ ಶಾಲೆಗೂ ಅದೇ ದಾರಿಯಲ್ಲಿ ಹೋಗುತ್ತಿದ್ದವರು, ಕಾರಿನ ಅನುಕೂಲಕ್ಕೆ ಮನಸೋತು ಇಪ್ಪತ್ತು ವರ್ಷ ಅತ್ತ ಸುಳಿಯದೆ ಉಳಿದರೆ, ಬೇಲಿ ಹಾಕಿದವನೊಡನೆ ವಾದಿಸಲು ಅವರಿಗೆ ಆಧಾರವೇ ಉಳಿಯದು. ಮೊಮ್ಮಗನಿಗೆ ದಾರಿ ಬೇಕಾದರೆ ಅಜ್ಜ ಇಂದು ನಡೆಯಬೇಕು.

ದಾರಿಯೊಡನೆ ಹೋಗುವ ಇನ್ನೊಂದು ಆಸ್ತಿ ಹೆಸರುಗಳು. 2021ರಲ್ಲಿ ಕಾಸರಗೋಡಿನ ಕೆಲವು ಊರುಗಳ ಕನ್ನಡ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಹಬ್ಬಿ, ಗಡಿಯ ಎರಡೂ ಕಡೆ ದೊಡ್ಡ ಚರ್ಚೆಯಾಯಿತು; ಅಂಥ ಪ್ರಸ್ತಾಪವೇ ಇಲ್ಲವೆಂದು ಕೇರಳ ಸರಕಾರ ತಿಳಿಸಿತು. ಒಳ್ಳೆಯದಾಯಿತು. ಊರಿನ ಹೆಸರಿಗಾದರೆ ಬಸ್ಸಿನ ಫಲಕವಿದೆ, ಅಂಚೆ ಕಚೇರಿಯಿದೆ, ಜಗಳಾಡಲು ಸಂಘ ಸಂಸ್ಥೆಗಳಿವೆ. ಆದರೆ ತೋಡಿನ ಒಂದು ತಿರುವಿಗೆ, ಪದವಿನ ಒಂದು ಕಲ್ಲಿಗೆ, ಗದ್ದೆಯ ಒಂದು ಮೂಲೆಗೆ, ನಾಗಬನದ ಬದಿಯ ಒಂದು ಗುಂಡಿಗೆ ಇರುವ ಹೆಸರುಗಳಿಗೆ ಯಾವ ಫಲಕವೂ ಇಲ್ಲ. ಅವನ್ನು ಯಾವ ಸರಕಾರವೂ ಬದಲಿಸಬೇಕಾಗಿಲ್ಲ. ಆ ಜಾಗಕ್ಕೆ ಯಾರೂ ಹೋಗದಿದ್ದರೆ ತಾವಾಗಿಯೇ ಮಾಯುತ್ತವೆ. ಆದುದರಿಂದ ನಡೆಯ ಹೊರಡುವಾಗ ಮನೆಯ ಹಿರಿಯರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಬೇಕೆಂದು ನನ್ನ ಆಗ್ರಹ. ಅಮ್ಮನೋ ದೊಡ್ಡಮ್ಮನೋ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಸೊಪ್ಪು, ಸೌದೆ, ನೀರುಗಳಿಗೆ ಗುಡ್ಡ ಹತ್ತಿದವರು ಹೆಚ್ಚಾಗಿ ಹೆಂಗಸರು. ಗಂಡಸರಿಗೆ ತಿಳಿಯದ ಹೆಸರುಗಳು ಅವರಿಗೆ ತಿಳಿದಿರುತ್ತವೆ. ಮಕ್ಕಳ ಕೈಯಲ್ಲಿ ಒಂದು ನೋಟು ಪುಸ್ತಕ ಕೊಟ್ಟು, ಕೇಳಿದ ಹೆಸರುಗಳನ್ನು ಕನ್ನಡದಲ್ಲಿ ಬರೆಯಿಸಿರಿ. ಶಾಲೆಯ ರಜೆಯಲ್ಲಿ ಇದಕ್ಕಿಂತ ಹಗುರಾದ ಮನೆಗೆಲಸವಿಲ್ಲ.

ಸಿದ್ಧತೆ ಹೆಚ್ಚೇನೂ ಬೇಡ. ಅಕ್ಟೋಬರಿನಿಂದ ಜನವರಿಯ ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಡಕೆ ಮರದ ಸಂಕಗಳು ಜಾರುತ್ತವೆ. ತೋಡಿನ ನೀರು ಮೊಣಕಾಲಿಗಿಂತ ಮೇಲಿದ್ದರೆ ಮರಳಿ ಬರುವುದೇ ಜಾಣತನ. ಹುಲ್ಲಿನೊಳಗೆ ಕನ್ನಡಿ ಹಾವಿರುವುದುಂಟಾದುದರಿಂದ ಕಾಲು ಮುಚ್ಚುವ ಪಾದರಕ್ಷೆ, ಕೈಯಲ್ಲೊಂದು ಕೋಲು, ತಲೆಗೊಂದು ಮುಟ್ಟಾಳೆಯೋ ಬೈರಾಸೋ, ಕುಡಿಯಲು ನೀರು, ಮಕ್ಕಳಿಗೆ ಅವಲಕ್ಕಿ. ಪ್ಲಾಸ್ಟಿಕ್ಕಿನ ಪೊಟ್ಟಣಗಳನ್ನು ಹೊತ್ತೊಯ್ದರೆ ಹೊತ್ತೇ ತರಬೇಕು.

ಕೊನೆಯದಾಗಿ, ವರ್ಷದಲ್ಲಿ ಒಂದೇ ಸಲ ಸಾಧ್ಯವಾಗುವ ನಡಿಗೆಯೊಂದನ್ನು ಸೂಚಿಸದಿರಲಾರೆ. ಬದಿಯಡ್ಕದಿಂದ ಮುಂದೆ, ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ಬಹು ಕಾಲದಿಂದ ನಡೆದು ಬಂದಿದೆ. ಮಳೆ ಪೂರ್ತಿ ನಿಂತು, ಹರಿವು ತಗ್ಗಿದ ಮೇಲೆ, ಡಿಸೆಂಬರ್ ಜನವರಿಯ ಸುಮಾರಿಗೆ ತೋಟದವರು ಒಟ್ಟುಗೂಡಿ ಕಲ್ಲನ್ನೂ ಮಣ್ಣನ್ನೂ ತುಂಬಿ ಒಡ್ಡು ಹಾಕುತ್ತಾರೆ. ಒಂದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಮೇಲಿನವನು ಬಿಟ್ಟ ನೀರು ಕೆಳಗಿನವನಿಗೆ. ನಿಂತ ನೀರು ಎರಡೂ ದಡಗಳಲ್ಲಿ ಇಂಗಿ, ಸುತ್ತಲಿನ ಬಾವಿಗಳ ಮಟ್ಟವೇರುತ್ತದೆ. ಜೂನಿನ ಮೊದಲ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಮರುವರ್ಷ ಮತ್ತೆ ಕಟ್ಟುತ್ತಾರೆ. ಕೊಳವೆಬಾವಿ ಬಂದ ಮೇಲೆ ಎಷ್ಟೋ ಕಡೆ ಈ ಕೆಲಸ ನಿಂತುಹೋಯಿತು. ಒಬ್ಬನು ಕೈಬಿಟ್ಟರೂ ಉಳಿದವರ ಕಟ್ಟಕ್ಕೆ ಬಲ ಸಾಲದು. ಏತಡ್ಕದವರು ಅದನ್ನು ಉಳಿಸಿಕೊಂಡವರೆಂದು ಹೆಸರಾದರು. ಅಲ್ಲಿ ಪರಿಚಯದವರಿದ್ದರೆ ಕಟ್ಟ ಹಾಕುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಂಡು, ಬೆಳಗ್ಗೆಯೇ ತಲುಪುವಂತೆ ಹೊರಡಿರಿ. ಹಳೆಯ ಬಟ್ಟೆ ಉಟ್ಟು ಹೋಗುವುದು ಒಳ್ಳೆಯದು; ಸುಮ್ಮನೆ ದಡದಲ್ಲಿ ನಿಂತು ನೋಡುವವರ ಕೈಗೂ ಅಲ್ಲಿ ಬೇಗನೆ ಒಂದು ಬುಟ್ಟಿ ಮಣ್ಣು ಬರುತ್ತದೆ.